ಸಿಂಹಗಡ ಹತ್ತಬೇಕು ಅಂತಿದ್ದೀರಾ? ಪುಣೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಹಿಂಜವಡಿಗೋ ಖರಾಡಿಗೋ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು, ಮದುವೆಗೆ ಅಂತ ಬಂದು ಎರಡು ದಿನ ಉಳಿದವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಸಿಂಹಗಡಕ್ಕೆ ಹೋಗೋದು ಹೆಂಗೆ? ಮೇಲೆ ಏನಿದೆ?" ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಎಲ್ಲಾ ಬರೆದಿಟ್ಟುಬಿಡೋಣ ಅನಿಸಿತು. ನಾನು ಗೈಡ್ ಅಲ್ಲ, ದೊಡ್ಡ ಚಾರಣಿಗನೂ ಅಲ್ಲ. ತಿಂಗಳಿಗೆ ಒಂದೆರಡು ಸಲ ಹತ್ತುತ್ತೇನೆ, ಮೇಲೆ ಕೂತು ನೋಡುತ್ತೇನೆ, ಇಳಿಯುತ್ತೇನೆ, ಅಷ್ಟೇ.

ಎಲ್ಲಿದೆ, ಎಷ್ಟು ಎತ್ತರ?

ಸಿಂಹಗಡ ಅಂದರೆ ಬೆಟ್ಟದ ಮೇಲಿನ ಹಳೇ ಕೋಟೆ, ಗಡ ಅಂದರೇ ಕೋಟೆ. ಪುಣೆ ಊರಿನಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ. ಸಮುದ್ರ ಮಟ್ಟದಿಂದ 1300 ಮೀಟರ್ ಮೇಲೆ. ಪುಣೆಯೇ ಎತ್ತರದ ಊರಾದ್ದರಿಂದ ನೀವು ನಿಜಕ್ಕೂ ಹತ್ತುವುದು ಅಷ್ಟಲ್ಲ, ಆದರೂ ಬುಡದಿಂದ ಮೇಲಿನವರೆಗೆ 600 ಮೀಟರ್ ಆಸುಪಾಸು ಏರಬೇಕು. ನಮ್ಮ ಕಡೆಯವರಿಗೆ ಅಳತೆ ಬೇಕಿದ್ದರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಅದರ ಎರಡರಷ್ಟು ಅಂದುಕೊಳ್ಳಿ, ಮೆಟ್ಟಿಲಿಲ್ಲದೆ.

ಊರೊಳಗಿಂದ ನೋಡಿದಾಗ ನೈಋತ್ಯದಲ್ಲಿ ತಲೆ ಚಪ್ಪಟೆಯಾದ ಒಂದು ಬೆಟ್ಟ, ಅದರ ಮೇಲೆ ಕಡ್ಡಿ ಚುಚ್ಚಿದ ಹಾಗೆ ಟವರ್ ಕಂಡರೆ ಅದೇ. ಅದು ದೂರದರ್ಶನದ ಟವರ್. ಬೈದುಕೊಳ್ಳುವವರು ಇದ್ದಾರೆ, ಕೋಟೆ ಮೇಲೆ ಇದೇನು ಅಂತ. ನನಗೆ ಅದು ದಾರಿ ತೋರಿಸುವ ಗೆಳೆಯ.

ನಡೆದು ಹತ್ತಬೇಕಾ, ಗಾಡಿಯಲ್ಲಿ ಹೋದರೆ ಆಗಲ್ವಾ?

ಆಗುತ್ತದೆ. ಮೇಲಿನವರೆಗೂ ಘಾಟ್ ರಸ್ತೆ ಇದೆ. ಕಾರು, ಬೈಕ್ ಎರಡೂ ಹೋಗುತ್ತವೆ, ಕೆಳಗಿನ ನಾಕಾದಲ್ಲಿ ಗಾಡಿಗೆ ಇಷ್ಟು ಅಂತ ಶುಲ್ಕ ತಗೊಳ್ಳುತ್ತಾರೆ. ಗಾಡಿ ಇಲ್ಲದವರಿಗೆ ಬುಡದಿಂದ ಶೇರ್ ಜೀಪ್ ಸಿಗುತ್ತದೆ. ಹತ್ತು ಜನ ತುಂಬುವವರೆಗೆ ಕಾಯಬೇಕು, ತುಂಬಿದ ಮೇಲೂ ಇನ್ನಿಬ್ಬರನ್ನು ಹತ್ತಿಸುತ್ತಾರೆ.

ಆದರೆ ನನ್ನ ಮಾತು ಕೇಳುವುದಾದರೆ ಮೊದಲ ಸಲ ನಡೆದೇ ಹತ್ತಿ. ಗಾಡಿಯಲ್ಲಿ ಹೋದರೆ ಪಾರ್ಕಿಂಗ್‌ನಿಂದ ನೇರ ಭಜಿ ಅಂಗಡಿ, ಭಜಿ ಅಂಗಡಿಯಿಂದ ನೇರ ಪಾರ್ಕಿಂಗ್, ನಡುವೆ ನಾಲ್ಕು ಸೆಲ್ಫಿ. ಮನೆಗೆ ಬಂದ ಮೇಲೆ "ಏನು ನೋಡಿದ್ರಿ" ಅಂದರೆ "ಗಾಳಿ ಚೆನ್ನಾಗಿತ್ತು" ಅಂತಾರೆ. ನಡೆದು ಹತ್ತಿದರೆ ಖಡಕ್‌ವಾಸ್ಲಾ ಕೆರೆ ಪ್ರತಿ ತಿರುವಿಗೂ ಒಂದೊಂದು ಗೇಣು ದೊಡ್ಡದಾಗುತ್ತಾ ಹೋಗುವುದು ಕಾಣುತ್ತದೆ. ಮೊದಲು ಮರಗಳ ಸಂದಿಯಲ್ಲಿ ಒಂದು ಹೊಳಪು, ಆಮೇಲೆ ಒಂದು ತಟ್ಟೆ, ಆಮೇಲೆ ಉದ್ದಕ್ಕೆ ಚಾಚಿಕೊಂಡ ನೀರು. ಆ ನೋಟ ಜೀಪಿನ ಹಿಂದಿನ ಸೀಟಿನಲ್ಲಿ, ಬೇರೆಯವರ ಬ್ಯಾಗು ತೊಡೆ ಮೇಲೆ ಇಟ್ಟುಕೊಂಡು ಕೂತರೆ ಸಿಗುವುದಿಲ್ಲ.

ಬಸ್ ಇದೆಯಾ?

ಇದೆ. ಸ್ವಾರ್ಗೇಟ್‌ನಿಂದ ಪಿಎಂಪಿಎಂಎಲ್‌ನ 50 ನಂಬರ್ ಬಸ್, ಪಿಎಂಪಿಎಂಎಲ್ ಅಂದರೆ ಪುಣೆಯ ನಗರ ಸಾರಿಗೆ. "ಸಿಂಹಗಡ ಪಾಯಥಾ" ಅಂತ ಬೋರ್ಡ್ ಇರುತ್ತದೆ, ಪಾಯಥಾ ಅಂದರೆ ಬೆಟ್ಟದ ಬುಡ. ಆತ್ಕರವಾಡಿ ಅನ್ನುವ ಹಳ್ಳಿಯಲ್ಲಿ ಇಳಿಸುತ್ತದೆ, ಕಾಲುದಾರಿ ಅಲ್ಲಿಂದಲೇ ಶುರು. ಬೆಳಗಿನ ಬಸ್ಸಿನಲ್ಲಿ ಅರ್ಧ ಜನ ಬೂಟು ಹಾಕಿ ಹತ್ತಲು ಹೊರಟವರು, ಇನ್ನರ್ಧ ಮೇಲೆ ಮಾರಲು ಮೊಸರಿನ ಕುಡಿಕೆ, ಸೌತೆಕಾಯಿ ಬುಟ್ಟಿ ಹೊತ್ತ ಹೆಂಗಸರು. ಯಾರ ಹಿಂದೆ ಹೋದರೂ ದಾರಿ ತಪ್ಪುವುದಿಲ್ಲ.

ಹತ್ತೋಕೆ ಎಷ್ಟು ಹೊತ್ತು ಬೇಕು?

ದಾರಿ ಮೂರು ಕಿಲೋಮೀಟರ್‌ಗೂ ಕಡಿಮೆ, ಆದರೆ ಒಂದೇ ಸಮ ಏರು. ಮೊದಲ ಸಲದವರಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಕೂತು ಎದ್ದು ಹತ್ತಿದರೆ ಎರಡು. ಇಲ್ಲಿ ಪ್ರತಿ ಭಾನುವಾರ ಹತ್ತುವ ಒಂದು ಪಂಗಡವೇ ಇದೆ. ಅವರು ದಾರಿಯಲ್ಲಿ ಸಿಕ್ಕರೆ ನಮಸ್ಕಾರದ ಬದಲು "ಕಿತೀ ವೇಳ್ ಲಾಗಲಾ?" ಅಂತಲೇ ಕೇಳುವುದು, ಎಷ್ಟು ಹೊತ್ತು ಹಿಡಿಯಿತು ಅಂತ. ಅರವತ್ತು ದಾಟಿದ ಒಬ್ಬ ಕಾಕಾ, ಬಿಳಿ ಟೋಪಿ, ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ, ಭಾರಕ್ಕೆ ಅಂತ, ನನ್ನನ್ನು ಒಂದೇ ಬೆಳಿಗ್ಗೆ ಎರಡು ಸಲ ದಾಟಿ ಹೋದರು. ಒಂದು ಸಲ ಹತ್ತುವಾಗ. ಇನ್ನೊಂದು ಸಲ ಅವರು ಇಳಿದು ಮತ್ತೆ ಹತ್ತುವಾಗ. ನಾನಿನ್ನೂ ಲಿಂಬು ಶರಬತ್ತಿನ ಅಂಗಡಿ ಮುಂದೆ ಕೂತಿದ್ದೆ.

ಅವರ ಜೊತೆ ಪೈಪೋಟಿಗೆ ಬೀಳಬೇಡಿ. ಮೊದಲ ಅರ್ಧ ಗಂಟೆ ಓಡಿದವರು ಕೊನೆಯ ಕಡಿದಾದ ಜಾಗದಲ್ಲಿ ಬಂಡೆ ಮೇಲೆ ಕೈ ಊರಿ ನಿಂತಿರುತ್ತಾರೆ, ಮುಖ ಕೆಂಪು.

ಯಾವ ತಿಂಗಳು, ಎಷ್ಟು ಗಂಟೆಗೆ ಹೋದರೆ ನೋಟ ಚೆನ್ನ?

ಮಳೆ ನಿಲ್ಲುವ ಹೊತ್ತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಮಳೆ ಗಾಳಿಯಲ್ಲಿದ್ದ ಧೂಳನ್ನೆಲ್ಲಾ ತೊಳೆದಿರುತ್ತದೆ, ಗುಡ್ಡ ಇನ್ನೂ ಹಸಿರಾಗಿರುತ್ತದೆ, ಕೆರೆಗಳು ತುಂಬಿರುತ್ತವೆ. ರಾತ್ರಿ ಒಂದು ಜೋರು ಮಳೆ ಬಂದು ಬೆಳಿಗ್ಗೆ ಬಿಸಿಲು ಬಿದ್ದರೆ ಆಫೀಸಿಗೆ ರಜೆ ಹಾಕಿ ಹೋಗಿ, ಅಷ್ಟು ಚೆನ್ನಾಗಿರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹತ್ತಲು ಸುಲಭ, ಚಳಿ ಇರುತ್ತದೆ, ಆದರೆ ಪುಣೆ ಕಡೆ ಬೆಳಿಗ್ಗೆ ಒಂದು ಕಂದು ಪರದೆ ಎಳೆದ ಹಾಗೆ ಇರುತ್ತದೆ, ಊರು ಸರಿಯಾಗಿ ಕಾಣುವುದಿಲ್ಲ. ದಕ್ಷಿಣ, ಪಶ್ಚಿಮದ ಗುಡ್ಡಗಳು ಆಗಲೂ ಚೆಂದ. ಏಪ್ರಿಲ್, ಮೇ ಬಿಸಿಲಿನಲ್ಲಿ ಹತ್ತು ಗಂಟೆ ಮೇಲೆ ಹತ್ತುವುದು ಶಿಕ್ಷೆ. ಮೇ ತಿಂಗಳಿಗೆ ಇರುವ ಒಂದೇ ಒಳ್ಳೆಯ ಗುಣ ಕರವಂದ, ಅಂದರೆ ನಮ್ಮ ಕವಳಿ ಹಣ್ಣು. ಎಲೆಯ ದೊನ್ನೆಯಲ್ಲಿ ಮಾರುತ್ತಾರೆ.

ಹೊತ್ತಿನ ಬಗ್ಗೆ ಒಂದೇ ಮಾತು: ಏಳು ಗಂಟೆಗೆ ಮೇಲಿರಬೇಕು, ಏಳು ಗಂಟೆಗೆ ಮನೆಯಿಂದ ಹೊರಡುವುದಲ್ಲ. ಒಂಬತ್ತಾದರೆ ಬೆಳಕು ಚಪ್ಪಟೆ ಆಗುತ್ತದೆ, ಬೆಟ್ಟದ ಸಾಲುಗಳು ಒಂದರ ಮೇಲೊಂದು ಅಂಟಿಕೊಂಡು ಒಂದೇ ಬೂದು ಬಣ್ಣ. ಮತ್ತೆ ಭಾನುವಾರ ಬೇಡ. ಸುಮ್ನೆ ಹೇಳುತ್ತಿಲ್ಲ, ಮುಂದಿನ ಉತ್ತರ ಓದಿ.

ಮಳೆಗಾಲದಲ್ಲಿ ಹೋದರೆ ಮಸ್ತ್ ಇರುತ್ತೆ ಅಂತಾರಲ್ಲ?

ಇರುತ್ತದೆ. ಆದರೆ ನೋಟ ಇರುವುದಿಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಗಡದ ತಲೆ ಮೋಡದೊಳಗೆ. ಮುಂದಿನವರ ಬೆನ್ನು ಕಾಣುವುದಿಲ್ಲ, ಕೆರೆ ಎಲ್ಲಿಂದ ಕಂಡೀತು? ಮಂಜು, ಗಾಳಿ, ಬಿಸಿ ಭಜಿ, ಅದು ಬೇರೆಯೇ ಸುಖ. ಅದಕ್ಕೇ ಹೋಗುವುದಾದರೆ ಹೋಗಿ.

ನನ್ನ ಕಥೆ ಕೇಳಿ. ಪುಣೆಗೆ ಬಂದ ಮೊದಲ ವರ್ಷ, ಜುಲೈ, ಭಾನುವಾರ, ಗದಗಿನಿಂದ ಅಮ್ಮ ಮತ್ತು ಚಿಕ್ಕಮ್ಮ ಬಂದಿದ್ದರು. ಹತ್ತು ಗಂಟೆಗೆ ಆರಾಮಾಗಿ ಕಾರು ತೆಗೆದೆ. ಘಾಟ್ ಶುರುವಾಗುವ ಮೊದಲೇ ಸಾಲು. ಮೂರು ತಾಸು ಮೊದಲ ಗೇರ್, ಕ್ಲಚ್ ವಾಸನೆ, ಹಿಂದೆ ಹಾರ್ನ್. ಮೇಲೆ ಪಾರ್ಕಿಂಗ್ ತುಂಬಿದೆ ಅಂತ ಅರ್ಧಕ್ಕೇ ತಿರುಗಿಸಿ ಕಳಿಸಿದರು. ಅಮ್ಮ ಪೂರ್ತಿ ದಾರಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಸಿಂಹಗಡ ಅಂದ್ರ ಬರೀ ಕಾರಿನ ಹಿಂದಿನ ಲೈಟ್ ಏನೋ ತಮ್ಮಾ" ಅಂದಳು. ಇವತ್ತಿಗೂ ಮನೆಯಲ್ಲಿ ಟ್ರಾಫಿಕ್ ಜಾಮ್‌ಗೆ ನಾವು "ಸಿಂಹಗಡ" ಅಂತಲೇ ಅನ್ನುವುದು.

ಇನ್ನೊಂದು: ಮಳೆಗಾಲದಲ್ಲಿ ಘಾಟ್‌ನಲ್ಲಿ ಕಲ್ಲು ಉರುಳುತ್ತವೆ, ರಸ್ತೆ ಬಂದ್ ಮಾಡುತ್ತಾರೆ. ಹೊರಡುವ ಮುಂಚೆ ಆ ದಿನದ ಮರಾಠಿ ಪೇಪರ್ ನೋಡಿ, ಇಲ್ಲಾ ಅಲ್ಲಿಯ ಯಾರನ್ನಾದರೂ ಕೇಳಿ.

ಮೇಲಿಂದ ಏನೇನು ಕಾಣುತ್ತದೆ?

ಇದು ನನ್ನ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ. ಏನು ನೋಡುತ್ತಿದ್ದೇವೆ ಅಂತ ಗೊತ್ತಿಲ್ಲದಿದ್ದರೆ ಎಲ್ಲಾ ಬೆಟ್ಟವೂ ಬೆಟ್ಟವೇ, ಎಲ್ಲಾ ನೀರೂ ನೀರೇ.

ಮೊದಲು ಉತ್ತರ. ಹತ್ತಿ ಬಂದ ದಾರಿಯ ಕಡೆ ಮುಖ ಮಾಡಿ. ಕೆಳಗೆ ಕಾಣುವ ದೊಡ್ಡ ನೀರು ಖಡಕ್‌ವಾಸ್ಲಾ. ಪುಣೆಯ ಅರ್ಧಕ್ಕರ್ಧ ನಲ್ಲಿಯಲ್ಲಿ ಬರುವುದು ಇದೇ ಸಾಲಿನ ಕೆರೆಗಳ ನೀರು. ಆಚೆ ದಂಡೆಯಲ್ಲಿ ಎನ್‌ಡಿಎ, ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ. ಈಗ ಆ ಅಣೆಕಟ್ಟನ್ನು ಸರಿಯಾಗಿ ನೋಡಿ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲೇ ಇಂಜಿನಿಯರಿಂಗ್ ಓದಿದವರು, ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದವರು. ನೀರು ಒಂದು ಮಟ್ಟಕ್ಕೆ ಏರಿದಾಗ ತಾನಾಗಿಯೇ ತೆರೆದು, ಇಳಿದಾಗ ತಾನಾಗಿಯೇ ಮುಚ್ಚುವ ಗೇಟು ಅವರು ಕಂಡುಹಿಡಿದದ್ದು. ಅದನ್ನು ಮೊದಲು ಹಾಕಿದ್ದು ಇದೇ ಖಡಕ್‌ವಾಸ್ಲಾದಲ್ಲಿ, 1903ರಲ್ಲಿ. ಕೆಆರ್‌ಎಸ್ ಬಂದದ್ದು ಆಮೇಲೆ. ಮಂಡ್ಯದಿಂದ ಬಂದ ಒಬ್ಬ ಹುಡುಗನಿಗೆ ಇದನ್ನು ಮೇಲೆ ನಿಂತು ಹೇಳಿದಾಗ ಅವನು ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. "ನಮ್ಮ ಊರ ನೀರಿಗೆ ಇಲ್ಲಿ ಪ್ರಾಕ್ಟೀಸ್ ಮಾಡಿದ್ರಾ ಅಣ್ಣ?" ಅಂದ. ಒಂದು ರೀತಿ ಹೌದು ಮತ್ತೆ.

ಪಶ್ಚಿಮಕ್ಕೆ ತಿರುಗಿ. ಬೆಟ್ಟಗಳ ಮಧ್ಯೆ ಇನ್ನೆರಡು ನೀರು ಕಾಣುತ್ತವೆ, ಪಾನ್‌ಶೇತ್ ಮತ್ತು ವರಸಗಾಂವ್. ಪಾನ್‌ಶೇತ್ ಜಲಾಶಯಕ್ಕೆ ತಾನಾಜಿ ಸಾಗರ ಅಂತ ಹೆಸರು, ಈ ಗಡಕ್ಕಾಗಿ ಕಾದಾಡಿ ಸತ್ತ ಶಿವಾಜಿಯ ಸರದಾರ ತಾನಾಜಿಯದೇ. 1961ರ ಜುಲೈ 12ರಂದು, ಕಟ್ಟುವ ಕೆಲಸ ಇನ್ನೂ ನಡೆಯುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರು ಬಂದು ಬಡಿದ ಹೊಡೆತಕ್ಕೆ ಖಡಕ್‌ವಾಸ್ಲಾವೂ ತಡೆಯಲಿಲ್ಲ. ಪುಣೆಯ ನದಿ ಪಕ್ಕದ ಪೇಟೆಗಳೆಲ್ಲಾ ಮುಳುಗಿದವು. ಹಳೇ ಪುಣೇಕರರು ಇವತ್ತಿಗೂ "ಪುರಾಚ್ಯಾ ಆಧೀ", ಪ್ರವಾಹಕ್ಕೆ ಮುಂಚೆ, ಅಂತ ಕಾಲ ಲೆಕ್ಕ ಹಾಕುವುದುಂಟು. ವಿಶ್ವೇಶ್ವರಯ್ಯನವರು ಆಗಿನ್ನೂ ಬದುಕಿದ್ದರು, ತೀರಿಕೊಂಡದ್ದು ಮರುವರ್ಷ ಏಪ್ರಿಲ್‌ನಲ್ಲಿ. ಮೇಲಿಂದ ನೋಡಿದರೆ ಆ ನೀರು ಬಂದ ಕಣಿವೆ ಪೂರ್ತಿ ಕಾಣುತ್ತದೆ, ಪಾನ್‌ಶೇತ್‌ನಿಂದ ಊರಿನವರೆಗೆ, ಬೆರಳಿಟ್ಟು ತೋರಿಸಬಹುದು. ಪುಸ್ತಕದಲ್ಲಿ ಓದಿದಾಗ ಆಗದ ಭಯ ಇಲ್ಲಿ ಆಗುತ್ತದೆ.

ಇನ್ನು ದಕ್ಷಿಣ ಮತ್ತು ನೈಋತ್ಯ. ಎರಡು ದೊಡ್ಡ ಗುಡ್ಡ. ಉದ್ದಕ್ಕೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುವುದು ತೋರಣಾ, ಸುಮಾರು 1400 ಮೀಟರ್. ಅದರ ಎಡಕ್ಕೆ, ನಡುವೆ ಒಂದು ಗುಬುಟು ಎದ್ದಿರುವುದು ರಾಜಗಡ. ಆ ಗುಬುಟೇ ಬಾಲೇಕಿಲ್ಲಾ, ಒಳಕೋಟೆ. ರಾಯಗಡಕ್ಕೆ ಹೋಗುವ ಮುಂಚೆ ಶಿವಾಜಿ ಮಹಾರಾಜರ ರಾಜಧಾನಿ ಅದೇ. ಪೂರ್ವಕ್ಕೆ ದೂರದಲ್ಲಿ ಪುರಂದರ. 1665ರಲ್ಲಿ ಮೊಗಲರ ಸೇನಾಪತಿ ಮಿರ್ಜಾ ರಾಜಾ ಜಯಸಿಂಗನ ಜೊತೆ ಒಪ್ಪಂದ ಆಗಿ ಶಿವಾಜಿ ಮೊಗಲರಿಗೆ 23 ಕೋಟೆ ಬಿಟ್ಟುಕೊಟ್ಟದ್ದು ಅಲ್ಲಿ. ಆ 23ರಲ್ಲಿ ನೀವು ನಿಂತಿರುವ ಈ ಕೋಟೆಯೂ ಒಂದು. ಐದು ವರ್ಷದ ಮೇಲೆ ತಾನಾಜಿ ಹತ್ತಿ ಬಂದದ್ದು ಅದನ್ನು ವಾಪಸ್ ಪಡೆಯಲು. ಅಂದರೆ ಕೊಟ್ಟ ಜಾಗವೂ ಇಲ್ಲಿಂದ ಕಾಣುತ್ತದೆ, ಇಸಿದುಕೊಂಡ ಜಾಗ ಕಾಲಡಿಯಲ್ಲೇ ಇದೆ.

2025ರಲ್ಲಿ ಯುನೆಸ್ಕೊ ಪಟ್ಟಿಗೆ ಮರಾಠರ 12 ಕೋಟೆ ಸೇರಿದವಲ್ಲ, ಅದರಲ್ಲಿ ರಾಜಗಡ ಇದೆ, ಸಿಂಹಗಡ ಇಲ್ಲ. ಪುಣೇಕರರ ಮುಂದೆ ಈ ವಿಷಯ ಎತ್ತಬೇಡಿ.

ನೋಡೋಕೆ ಎಲ್ಲಿ ನಿಂತರೆ ಒಳ್ಳೆಯದು?

ಜನ ಪುಣೆ ದರವಾಜಾದ ಹತ್ತಿರವೇ ನಿಂತುಬಿಡುತ್ತಾರೆ. ಒಂದರ ಹಿಂದೆ ಒಂದು ಮೂರು ಬಾಗಿಲು ದಾಟಿ ಬರುವ ದಾರಿ ಅದು, ಜನ ಅಲ್ಲೇ ಜಾಸ್ತಿ. ನೀವು ಮುಂದೆ ನಡೆಯಿರಿ, ಗಡದ ಇನ್ನೊಂದು ತುದಿಗೆ, ಕಲ್ಯಾಣ ದರವಾಜಾಕ್ಕೆ. ಇಪ್ಪತ್ತು ನಿಮಿಷದ ನಡಿಗೆ. ದಕ್ಷಿಣದ ನೋಟ ಅಲ್ಲಿ ತೆರೆದುಕೊಳ್ಳುತ್ತದೆ, ಕೆಳಗೆ ಕಲ್ಯಾಣ ಅನ್ನುವ ಸಣ್ಣ ಹಳ್ಳಿ. ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ. ಸಂಜೆಗೆ ಹೋದವರು ತಾನಾಜಿ ಕಡಾ ಕಡೆ ಹೋಗಿ, ಸೂರ್ಯ ಮುಳುಗುವ ದಿಕ್ಕು. ಕಡಾ ಅಂದರೆ ಕಡಿದಾದ ಬಂಡೆ. ಅಂಚಿಗೆ ಹೋಗಬೇಡಿ, ಹತ್ತು ಅಡಿ ಹಿಂದೆ ಕೂತರೂ ಅದೇ ಸೂರ್ಯ.

ಬುರುಜಿನ ಗೋಡೆ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬಹುದಾ?

ಬೇಡ.

ಯಾಕೆ ಅಂತ ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ. ಕಲ್ಯಾಣ ದರವಾಜಾ ಹತ್ತಿರ ಒಂದು ಕಲ್ಲು ನಾನು ಕಾಲಿಟ್ಟಾಗ ಅಲುಗಾಡಿತು, ಹಾಲು ಹಲ್ಲು ಅಲುಗಾಡುವ ಹಾಗೆ. ಸಂದಿಯ ಗಾರೆ ಉದುರಿ ಅದರಲ್ಲಿ ಹುಲ್ಲು ಬೆಳೆದಿತ್ತು. ಮೇಲೆ ನಿಂತ ನನ್ನ ಭಾರ ಕಲ್ಲಿಗೆ, ಕಲ್ಲಿನ ಭಾರ ಹುಲ್ಲಿನ ಬೇರಿಗೆ. ಆಚೆ ಬದಿಗೆ ಇಣುಕಿ ನೋಡಿದೆ, ಕೆಳಗಿನ ಮರಗಳು ಕೊತ್ತಂಬರಿ ಕಟ್ಟಿನ ಹಾಗೆ ಕಂಡವು. ಅವತ್ತಿನಿಂದ ಗೋಡೆಗೆ ಒರಗುವುದೂ ಇಲ್ಲ. ಕೋಟೆ ಹತ್ತುವುದು ಅಂದರೆ ಬೆಟ್ಟ ಹತ್ತುವುದು, ಗೋಡೆ ಹತ್ತುವುದಲ್ಲ. ಹೆಸರು ಕೆತ್ತುವವರ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಬರೆದರೆ ಬೈಗುಳ ಬರುತ್ತದೆ.

ಉಡದ ಕಥೆ ನಿಜಾನಾ?

ತಾನಾಜಿ ಮಾಲುಸರೆ ಸಾಕಿದ ಉಡಕ್ಕೆ, ಯಶವಂತಿ ಅಂತ ಅದರ ಹೆಸರು, ಹಗ್ಗ ಕಟ್ಟಿ ಬಂಡೆ ಮೇಲೆ ಬಿಟ್ಟರು, ಅದು ಹತ್ತಿ ಕಚ್ಚಿ ಹಿಡಿಯಿತು, ಸೈನಿಕರು ಹಗ್ಗ ಹಿಡಿದು ಏರಿದರು. ಇದು ಪೋವಾಡದ ಕಥೆ, ಅಂದರೆ ನಮ್ಮ ಲಾವಣಿಯ ಹಾಗೆ ಹಾಡುವ ವೀರಗಾಥೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ನಮ್ಮಲ್ಲೂ "ಉಡದ ಪಟ್ಟು" ಅನ್ನುವ ಮಾತು ಇದೆಯಲ್ಲ, ಹಿಡಿದರೆ ಬಿಡುವುದಿಲ್ಲ ಅಂತ. ಕಥೆ ಕಟ್ಟಿದವರಿಗೂ ಉಡದ ಹಿಡಿತ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಉಡ ಬಿಟ್ಟು ಉಳಿದದ್ದು ನಿಜ. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಕಡಿದಾದ ಬದಿಯಿಂದ ಜನರನ್ನು ಹತ್ತಿಸಿದ. ಕೋಟೆ ಕಾಯುತ್ತಿದ್ದ ರಜಪೂತ ಉದಯಭಾನ. ಇಬ್ಬರೂ ಸತ್ತರು. ತಾನಾಜಿಯ ತಮ್ಮ ಸೂರ್ಯಾಜಿ ನಿಂತು ಕೋಟೆ ಗೆದ್ದ. ಶಿವಾಜಿ "ಗಡ್ ಆಲಾ, ಪಣ ಸಿಂಹ ಗೇಲಾ", ಗಡ ಬಂತು, ಸಿಂಹ ಹೋಯಿತು, ಅಂದರಂತೆ, ಅದರಿಂದಲೇ ಕೊಂಢಾಣಾ ಅನ್ನುವ ಹಳೇ ಹೆಸರು ಹೋಗಿ ಸಿಂಹಗಡ ಆಯಿತು ಅಂತ ಎಲ್ಲಾ ಮಕ್ಕಳೂ ಶಾಲೆಯಲ್ಲಿ ಕಲಿಯುತ್ತಾರೆ. ಆದರೆ ಸಿಂಹಗಡ ಅನ್ನುವ ಹೆಸರು ಆ ಕಾಳಗಕ್ಕೂ ಮುಂಚಿನ ಕಾಗದಗಳಲ್ಲೇ ಇದೆ ಅಂತ ತಿಳಿದವರು ತೋರಿಸುತ್ತಾರೆ. ನಾನು ಮಗಳಿಗೆ ಎರಡೂ ಹೇಳಿದ್ದೇನೆ. ಅವಳಿಗೆ ಉಡವೇ ಇಷ್ಟ.

ಮೇಲೆ ಕನ್ನಡಿಗರು ನೋಡಲೇಬೇಕಾದ್ದು ಏನಾದರೂ ಇದೆಯಾ?

ವಿಶ್ವೇಶ್ವರಯ್ಯನವರ ಕೆರೆ ಹೇಳಿದೆ. ಇನ್ನೊಂದು ರಾಜಾರಾಮ ಮಹಾರಾಜರ ಸಮಾಧಿ. ಜಾಸ್ತಿ ಜನ ತಾನಾಜಿಯ ಸಮಾಧಿ ನೋಡಿ ವಾಪಸ್ ಹೋಗುತ್ತಾರೆ, ಇಲ್ಲಿಗೆ ಬರುವುದಿಲ್ಲ.

ಶಾಲೆಯಲ್ಲಿ ಕೆಳದಿ ಚೆನ್ನಮ್ಮನ ಪಾಠ ಓದಿದ್ದು ನೆನಪಿದೆಯಾ? ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಓಡಿ ಬಂದ ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟಳು, ಮೊಗಲರಿಗೆ ಹೆದರಲಿಲ್ಲ ಅಂತ. ಆ ಮಗನೇ ರಾಜಾರಾಮ. 1689ರಲ್ಲಿ ಅಣ್ಣ ಸಂಭಾಜಿಯನ್ನು ಕೊಂದ ಮೇಲೆ ಅವನು ನಮ್ಮ ನಾಡಿನ ಮೂಲಕ ತಮಿಳುನಾಡಿನ ಜಿಂಜಿಗೆ ತಪ್ಪಿಸಿಕೊಂಡು ಹೋದ, ಅಲ್ಲಿಂದ ರಾಜ್ಯ ನಡೆಸಿದ, ವರ್ಷಗಳ ಮೇಲೆ ವಾಪಸ್ ಬಂದ, 1700ರ ಮಾರ್ಚ್‌ನಲ್ಲಿ ಇದೇ ಸಿಂಹಗಡದಲ್ಲಿ ತೀರಿಕೊಂಡ. ಮೂವತ್ತೇ ವರ್ಷ. ಹುಟ್ಟಿದ್ದು ರಾಜಗಡದಲ್ಲಿ, ತಾನಾಜಿ ಸತ್ತ ಅದೇ 1670ರ ಫೆಬ್ರವರಿಯಲ್ಲಿ. ದಕ್ಷಿಣದ ಅಂಚಿಗೆ ಹೋಗಿ ನಿಂತರೆ ಆ ಗುಬುಟು ಕಾಣುತ್ತದೆ ಅಂತ ಹೇಳಿದೆನಲ್ಲ, ಅವನು ಹುಟ್ಟಿದ ಜಾಗ ಅದೇ. ನಡುವೆ ಶಿವಮೊಗ್ಗ, ಬೆಂಗಳೂರು, ಜಿಂಜಿ ಎಲ್ಲಾ ಸುತ್ತಿ ಬಂದು, ಹುಟ್ಟಿದ ಬೆಟ್ಟದ ಎದುರು ಬೆಟ್ಟದಲ್ಲಿ ಮಲಗಿದ. ಸಮಾಧಿ ಮುಂದೆ ನಾನು ಒಂದು ನಿಮಿಷ ನಿಲ್ಲುತ್ತೇನೆ, ನಮ್ಮ ಚೆನ್ನಮ್ಮನ ಕಡೆಯಿಂದ ಅಂದುಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಮಂಡಿ ನೋವಿದ್ದರೆ ಗಾಡಿಯಲ್ಲೇ ಹೋಗಿ, ವಾರದ ನಡುವೆ, ಬೆಳಿಗ್ಗೆ. ಪಾರ್ಕಿಂಗ್‌ನಿಂದ ಮೇಲೂ ಮೆಟ್ಟಿಲು ಇವೆ, ಕಲ್ಲು ನುಣುಪು, ನಿಧಾನಕ್ಕೆ ಕೈ ಹಿಡಿದು ಹತ್ತಿಸಿ. ಆರೇಳು ವರ್ಷದ ಮಕ್ಕಳು ನಡೆದೇ ಹತ್ತುತ್ತಾರೆ, ನಮಗಿಂತ ಚೆನ್ನಾಗಿ. ಅವರನ್ನು ಅಂಚಿನಲ್ಲಿ ಮತ್ತು ದೇವಟಾಕೆಯಂಥ ನೀರಿನ ತೊಟ್ಟಿಗಳ ಹತ್ತಿರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು.

ಅಮ್ಮನನ್ನು ಆಮೇಲೆ ನಾನು ಮತ್ತೆ ಕರೆದುಕೊಂಡು ಹೋದೆ. ಅಕ್ಟೋಬರ್, ಬುಧವಾರ, ಆರೂವರೆಗೆ ಮೇಲಿದ್ದೆವು. ಖಡಕ್‌ವಾಸ್ಲಾ ನೋಡಿ "ನಮ್ಮ ತುಂಗಭದ್ರಾದಷ್ಟೇನಿಲ್ಲ ಬಿಡು" ಅಂದಳು. ಆದರೆ ಸೆರಗು ತಲೆ ಮೇಲೆ ಹೊದ್ದು ಒಂದು ತಾಸು ಅಲ್ಲೇ ಕೂತಳು.

ಮೇಲೆ ಊಟಕ್ಕೆ ಏನು ಸಿಗುತ್ತದೆ?

ಉತ್ತರ ಕರ್ನಾಟಕದವರಿಗೆ ಮನೆಯಂತೆಯೇ. ಪಿಠಲಾ ಭಾಕರಿ, ಅಂದರೆ ಝುಣಕಾ ರೊಟ್ಟಿ. ಪಿಠಲಾ ಕಡಲೆಹಿಟ್ಟಿನದು, ನಮ್ಮ ಝುಣಕಕ್ಕಿಂತ ಸ್ವಲ್ಪ ತೆಳ್ಳಗೆ. ಜೊತೆಗೆ ಠೇಚಾ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಖಾರ. ಸುಟ್ಟ ಬದನೆಕಾಯಿಯ ಭರೀತ. ಕಾಂದಾ ಭಜಿ. ಒಲೆ ಸೌದೆಯದ್ದು, ಆದ್ದರಿಂದ ರೊಟ್ಟಿಗೆ ಒಂದು ಹೊಗೆಯ ವಾಸನೆ ಅಂಟಿರುತ್ತದೆ, ಅದಕ್ಕೇ ರುಚಿ. ಚಪ್ಪರದ ಕೆಳಗೆ ಚಾಪೆ ಹಾಸಿ ಕೂರಿಸುತ್ತಾರೆ. ಅಂಗಡಿಯ ಮಾವಶಿ, ಅಂದರೆ ಚಿಕ್ಕಮ್ಮ, ರೊಟ್ಟಿ ಬಡಿಯುವುದನ್ನು ನೋಡುತ್ತಾ ಕೂತರೆ ಹಸಿವು ಇನ್ನಷ್ಟು.

ಕೊನೆಗೆ ಮಟಕಾ ದಹಿ. ಅಂಗೈ ಅಗಲದ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು, ತಿರುಗಿಸಿ ಹಿಡಿದರೂ ಬೀಳುವುದಿಲ್ಲ. ಮಡಿಕೆ ನೀರು ಹೀರಿಕೊಂಡು ಗಟ್ಟಿಯಾಗಿರುತ್ತದೆ. ಸಕ್ಕರೆ ಬೇಕಾ ಉಪ್ಪು ಬೇಕಾ ಕೇಳುತ್ತಾರೆ. ನಾನು ಉಪ್ಪು. ಕುಡಿಕೆಯನ್ನು ಕಣಿವೆಗೆ ಎಸೆಯುವುದು ಒಂದು ಆಟ ಆಗಿಬಿಟ್ಟಿದೆ ಕೆಲವರಿಗೆ. ದಯವಿಟ್ಟು ಬೇಡ, ಕೆಳಗೆ ದಾರಿ ಇದೆ, ದಾರಿಯಲ್ಲಿ ತಲೆಗಳಿವೆ.

ಮರಾಠಿ ಬರೋದಿಲ್ಲ, ಪರವಾಗಿಲ್ವಾ?

ಹಿಂದಿ ನಡೆಯುತ್ತದೆ. ಆದರೆ "ಮಾವಶಿ, ಏಕ್ ಪಿಠಲಾ ಭಾಕರೀ ದ್ಯಾ" ಅಂದು ನೋಡಿ, ಬೆಣ್ಣೆ ಜಾಸ್ತಿ ಬೀಳುತ್ತದೆ. ಒಮ್ಮೆ ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ತಾಕ್, ಅಂದರೆ ಮಜ್ಜಿಗೆ, ಮಾರುವ ಅಜ್ಜಿ ಒಬ್ಬಳು "ಕುಠಲೇ, ಸೋಲಾಪುರಕಡಚೇ ಕಾ?" ಅಂದಳು, ಎಲ್ಲಿಯವರು, ಸೋಲಾಪುರದ ಕಡೆಯವರಾ ಅಂತ. ಇಲ್ಲಜ್ಜಿ, ಇನ್ನೂ ಆಚೆ, ಗದಗ ಅಂದೆ. ವಿಠೋಬನ ಭಕ್ತರು ಆ ಕಡೆಯಿಂದಲೂ ಪಂಢರಪುರಕ್ಕೆ ಬರುತ್ತಾರಲ್ಲ ಅಂತ ಅವಳೇ ಹೇಳಿದಳು. ಮಜ್ಜಿಗೆಗೆ ದುಡ್ಡು ಮಾತ್ರ ಪೂರ್ತಿ ತಗೊಂಡಳು.

ರಾತ್ರಿ ಮೇಲೆ ಉಳಿಯಬಹುದಾ? ಕಾತ್ರಜ್‌ನಿಂದ ರಾತ್ರಿ ನಡೆದು ಬರುತ್ತಾರಂತಲ್ಲ?

ಸಂಜೆ ಆದ ಮೇಲೆ ಗಾಡಿ ಬಿಡುವುದಿಲ್ಲ, ಮೇಲಿದ್ದವರನ್ನು ಇಳಿಸುತ್ತಾರೆ. ಗಡದ ಮೇಲೆ ಕುಡಿಯುವುದಂತೂ ಅಪರಾಧ, ಹಿಡಿಯುತ್ತಾರೆ ಕೂಡ.

ಕಾತ್ರಜ್‌ನಿಂದ ಸಿಂಹಗಡಕ್ಕೆ ಬೆಟ್ಟದ ಬೆನ್ನಿನ ಮೇಲೇ ನಡೆಯುವ ದಾರಿ ಒಂದಿದೆ, ಕೆ ಟು ಎಸ್ ಅಂತಾರೆ. ಹದಿಮೂರು ಗುಡ್ಡ ಹತ್ತಿ ಇಳಿಯಬೇಕು ಅಂತ ಲೆಕ್ಕ. ನಾನು ಒಂದೇ ಸಲ ಹೋಗಿದ್ದು, ಏಳನೆಯದಕ್ಕೆ ಎಣಿಸುವುದು ಬಿಟ್ಟೆ. ಗೊತ್ತಿರುವವರ ಜೊತೆ ಇಲ್ಲದೆ ಹೋಗಬೇಡಿ, ಒಂದೇ ಥರದ ಗುಡ್ಡಗಳು, ದಾರಿ ತಪ್ಪುತ್ತದೆ.

ಏನೇನು ತಗೊಂಡು ಹೋಗಬೇಕು?

ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಬೂಟು, ಚಿಲ್ಲರೆ ದುಡ್ಡು. ದಾರಿಯಲ್ಲಿ ಲಿಂಬು ಶರಬತ್ತು, ಉಪ್ಪು ಖಾರ ಸವರಿದ ಸೌತೆಕಾಯಿ ಸಿಗುತ್ತದೆ, ಉಪವಾಸ ಬೀಳುವುದಿಲ್ಲ. ಖಾಲಿ ಬಾಟಲಿ ವಾಪಸ್ ತನ್ನಿ. ಸ್ಪೀಕರ್ ಮನೆಯಲ್ಲೇ ಬಿಡಿ, ನಿಮ್ಮ ಹಾಡು ನಿಮಗೆ ಮಾತ್ರ ಇಷ್ಟ.

ಇಳಿಯೋದು ಸುಲಭ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನು ಬಿದ್ದ ಮೂರು ಸಲವೂ ಇಳಿಯುವಾಗಲೇ. ಬೇಸಿಗೆಯಲ್ಲಿ ಒಣ ಮಣ್ಣಿನ ಮೇಲೆ ಸಣ್ಣ ಹರಳು ಇರುತ್ತವೆ, ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಮಳೆಯಲ್ಲಿ ಕೆಸರು. ಪಾದ ಅಡ್ಡ ಇಟ್ಟು, ಮಂಡಿ ಸ್ವಲ್ಪ ಬಾಗಿಸಿ, ಸಣ್ಣ ಹೆಜ್ಜೆ ಹಾಕಿ. ಮೊಸರು ರೊಟ್ಟಿ ತಿಂದ ಮೇಲೆ ಅರ್ಧ ತಾಸು ಕೂತು ಇಳಿಯಿರಿ. ಫೋನ್ ಜೇಬಲ್ಲಿರಲಿ.

ಕೆಳಗೆ ಬಂದಾಗ ಬಸ್ ಸ್ಟಾಪಿನ ಎದುರು ಚಹಾ ಅಂಗಡಿಯಲ್ಲಿ ಆ ಬಿಳಿ ಟೋಪಿ ಕಾಕಾ ಕೂತಿದ್ದರೆ, "ಕಿತೀ ವೇಳ್ ಲಾಗಲಾ?" ಅಂತ ಕೇಳಿಯೇ ಕೇಳುತ್ತಾರೆ. ಹತ್ತು ನಿಮಿಷ ಕಡಿಮೆ ಮಾಡಿ ಹೇಳಿ, ಎಲ್ಲರೂ ಹಾಗೇ ಹೇಳುವುದು.